ಹಳೆಯ ಹಾಯಿದೋಣಿಯ ವೈರಿಂಗ್ ನೀವೇ ಬದಲಿಸುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಒಂದೇ ದೋಣಿಯನ್ನು ಮುಂದಿಟ್ಟುಕೊಂಡು ಬರೆದವು: ಅಮೆರಿಕದ ಕ್ಯಾಟಲಿನಾ 30. ಸುಮಾರು 9 ಮೀಟರ್ ಉದ್ದದ ಈ ಫೈಬರ್‌ಗ್ಲಾಸ್ ದೋಣಿ 1970ರ ದಶಕದ ನಡುವಿನಿಂದ 2008ರವರೆಗೆ ಆರು ಸಾವಿರಕ್ಕೂ ಹೆಚ್ಚು ತಯಾರಾಗಿದೆ. ಕ್ಯಾಲಿಫೋರ್ನಿಯಾ, ಸಿಯಾಟಲ್, ಗ್ರೇಟ್ ಲೇಕ್ಸ್ ಕಡೆ ನೆಲೆಸಿರುವ ಕನ್ನಡಿಗರು ಮೊದಲ ದೋಣಿ ಹುಡುಕಲು ಹೊರಟರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಇದು ಕಣ್ಣಿಗೆ ಬೀಳದೆ ಇರದು. ಬೇರೆ ಕಂಪನಿಯ, ಅದೇ ಕಾಲದ, 28ರಿಂದ 36 ಅಡಿಯ ದೋಣಿಗೂ ಇದರಲ್ಲಿನ ಬಹುಪಾಲು ಲೆಕ್ಕ ಹೊಂದುತ್ತದೆ. ನಿಯಮ ಎಂದಲ್ಲೆಲ್ಲ ಅಮೆರಿಕದ ಎಬಿವೈಸಿ, ಅಂದರೆ ಅಮೆರಿಕನ್ ಬೋಟ್ ಅಂಡ್ ಯಾಚ್ ಕೌನ್ಸಿಲ್‌ನ ಮಾನದಂಡದ ಮಾತು.

ಲಿಥಿಯಂ ಬ್ಯಾಟರಿ ಈಗಾಗಲೇ ಕೊಂಡು ತಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಬ್ಯಾಟರಿಯನ್ನು ಮನೆಯಲ್ಲೇ ಇಡಿ, ಅದರ ಸರದಿ ಕೊನೆಗೆ. ಹಳೆಯ ದೋಣಿಯಲ್ಲಿ ಬೆಂಕಿ ಹತ್ತುವುದು ಫ್ಯೂಸ್ ಇಲ್ಲದ ಕೇಬಲ್‌ನಿಂದ, ಕಿಲುಬು ಹಿಡಿದ ಜೋಡಣೆಯಿಂದ. ಅವನ್ನು ಹಾಗೇ ಬಿಟ್ಟು ಒಳರೋಧ ತೀರಾ ಕಡಿಮೆ ಇರುವ ಲಿಥಿಯಂ ಬ್ಯಾಟರಿ ಕೂರಿಸಿದರೆ, ಶಾರ್ಟ್ ಆದ ಗಳಿಗೆಯಲ್ಲಿ ಹರಿಯುವ ಕರೆಂಟ್ ಇನ್ನಷ್ಟು ಹೆಚ್ಚುತ್ತದೆ, ಅಷ್ಟೆ.

ಮೊದಲು ಈಗಿರುವುದರ ನಕ್ಷೆ ಬರೆಯಿರಿ. ದೊಡ್ಡ ಹಾಳೆ, ಪೆನ್ಸಿಲ್, ಮಲ್ಟಿಮೀಟರ್ ಸಾಕು. ಪ್ರತಿ ವೈರ್ ಎಲ್ಲಿಂದ ಎಲ್ಲಿಗೆ, ಯಾವ ಗೇಜ್ (ವೈರ್ ದಪ್ಪದ ಅಳತೆ; ಅಂಕಿ ಚಿಕ್ಕದಾದಷ್ಟು ವೈರ್ ದಪ್ಪ), ಎಲ್ಲಿ ಫ್ಯೂಸ್ ಎಂಬುದು ಅದರಲ್ಲಿರಲಿ. ಹಿಂದಿನ ನಾಲ್ಕೈದು ಮಾಲೀಕರು ತಂತಮ್ಮ ಕಾಲದಲ್ಲಿ ಸೇರಿಸಿದ, ಈಗ ಎಲ್ಲಿಗೂ ಹೋಗದ ವೈರ್‌ಗಳು ಹೊರೆಗಟ್ಟಲೆ ಸಿಗುತ್ತವೆ. ಎರಡೂ ತುದಿ ಖಾತ್ರಿಯಾದ ಮೇಲೆ ಅವನ್ನು ಕಿತ್ತು ಹಾಕಿ. ಕೀಳುವಾಗ ತುದಿಗೆ ಗಟ್ಟಿ ದಾರ ಕಟ್ಟಿ ಎಳೆದರೆ ಅದೇ ದಾರಿಯಲ್ಲಿ ಹೊಸ ವೈರ್ ಎಳೆಯಲು ಅನುಕೂಲ.

ಆಮೇಲಿನ ಕ್ರಮ ಹೀಗಿರಲಿ: ಬ್ಯಾಟರಿ ಬುಡದ ಫ್ಯೂಸ್, ಶಂಟ್ ಮೀಟರ್ (ಬ್ಯಾಟರಿಯಿಂದ ಹೋಗಿ ಬರುವ ಕರೆಂಟ್ ಅಳೆಯುವುದು), ಎಂಜಿನ್ ಹಾರ್ನೆಸ್ (ಎಂಜಿನ್ನಿನ ವೈರ್‌ಗಳ ಕಟ್ಟು), ಬಸ್‌ಬಾರ್ (ಹಲವು ವೈರ್ ಒಟ್ಟಿಗೆ ಸೇರುವ ಲೋಹದ ಪಟ್ಟಿ) ಮತ್ತು ಸ್ವಿಚ್‌ಗಳು, ಒಂದೊಂದಾಗಿ ಶಾಖಾ ಸರ್ಕ್ಯೂಟ್‌ಗಳು, ಚಾರ್ಜಿಂಗ್, ಕೊನೆಗೆ ಹೊಸ ಬ್ಯಾಟರಿ. ಶಂಟ್ ಇಷ್ಟು ಮುಂಚೆ ಬರುವುದಕ್ಕೆ ಕಾರಣವಿದೆ. ಹಳೆಯ ಬ್ಯಾಟರಿಯ ಜೊತೆಯಲ್ಲೇ ಕೆಲವು ವಾರಾಂತ್ಯ ಓಡಿಸಿದರೆ ನಿಮ್ಮ ನಿಜವಾದ ಖರ್ಚು ಎಷ್ಟು ಎಎಚ್ (ಆಂಪಿಯರ್-ಅವರ್, ಅಂದರೆ ಆಂಪಿಯರ್ ಗುಣಿಸು ಗಂಟೆ) ಎಂದು ಅದು ಹೇಳುತ್ತದೆ. ಬ್ಯಾಟರಿಯ ಅಳತೆ ತೀರ್ಮಾನಿಸಬೇಕಾದುದು ಆ ಅಂಕಿಯಿಂದ.

ಒಟ್ಟು ಎಷ್ಟು ಎಎಚ್ ಬೇಕಾಗುತ್ತದೆ?

ಶಂಟ್ ಇಲ್ಲದೆ ಅಂದಾಜು ಮಾಡುವುದಾದರೆ, ಹಗಲು ಹಾಯಿ ಬಿಚ್ಚಿ ರಾತ್ರಿ ಲಂಗರು ಹಾಕುವ ಒಂದು ದಿನದ ಲೆಕ್ಕ ಸುಮಾರು ಹೀಗೆ. ಫ್ರಿಜ್ ಚಾಲೂ ಇರುವಾಗ 5 ಆಂಪಿಯರ್ ಎಳೆಯುತ್ತದೆ, ದಿನಕ್ಕೆ 11 ಗಂಟೆ ಓಡಿದರೆ 55 ಎಎಚ್. ಚಾರ್ಟ್‌ಪ್ಲಾಟರ್ (ಜಿಪಿಎಸ್ ನಕ್ಷೆಯ ಪರದೆ) ಮತ್ತು ಉಪಕರಣಗಳು ಒಂದೂವರೆ ಆಂಪಿಯರ್‌ನಂತೆ 8 ಗಂಟೆಗೆ 12. ಚುಕ್ಕಾಣಿ ಚಕ್ರಕ್ಕೆ ಕಟ್ಟುವ ಆಟೊಪೈಲಟ್ 5 ಗಂಟೆಗೆ 10. ಫೋನ್, ಲ್ಯಾಪ್‌ಟಾಪ್ ಚಾರ್ಜಿಗೆ ಇನ್ನೊಂದು 10. ದೋಣಿಗಳ ನಡುವೆ ಮಾತಾಡುವ ವಿಎಚ್ಎಫ್ ರೇಡಿಯೊ ಕೇಳುತ್ತಾ ಕೂರುವುದಕ್ಕೆ 4, ಕ್ಯಾಬಿನ್ನಿನ ಎಲ್ಇಡಿಗೆ 4, ನೀರಿನ ಪಂಪಿಗೆ 2, ಎಲ್ಇಡಿ ಲಂಗರು ದೀಪಕ್ಕೆ 2. ಹತ್ತಿರ ಹತ್ತಿರ 100 ಎಎಚ್.

ಅರ್ಧಕ್ಕಿಂತ ಹೆಚ್ಚು ಒಂದು ಫ್ರಿಜ್ಜಿನ ಪಾಲು ಎಂಬುದನ್ನು ಗಮನಿಸಿ. ಅದರ ಪೆಟ್ಟಿಗೆಯ ಇನ್ಸುಲೇಷನ್ ಸರಿಪಡಿಸುವುದು ಇನ್ನೊಂದು ಬ್ಯಾಟರಿ ಕೊಳ್ಳುವುದಕ್ಕಿಂತ ಅಗ್ಗ. ಲಂಗರು ದೀಪ ಇನ್ನೂ ಹಳೆಯ 10 ವಾಟ್ ಬಲ್ಬ್ ಆಗಿದ್ದರೆ ಅದೊಂದೇ ರಾತ್ರಿಗೆ 9 ಎಎಚ್ ತಿನ್ನುತ್ತದೆ.

ಚಾರ್ಜ್ ಇಲ್ಲದೆ ಎರಡು ದಿನ ತಡೆಯಬೇಕು ಅಂದರೆ ಬಳಸಲು ಸಿಗುವ 200 ಎಎಚ್ ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ 400 ಎಎಚ್ ಹೊರಬೇಕು. ಅಂದರೆ 6 ವೋಲ್ಟಿನ, 225 ಎಎಚ್‌ನ ಗಾಲ್ಫ್ ಕಾರ್ಟ್ ಬ್ಯಾಟರಿ ನಾಲ್ಕು, ಎರಡೆರಡು ಸೀರೀಸ್‌ನಲ್ಲಿ. ಒಂದೊಂದೂ ಸುಮಾರು 28 ಕಿಲೊ. ಲಿಥಿಯಂ ಆದರೆ 100 ಎಎಚ್‌ನ ಎರಡು, ಒಟ್ಟು 25 ಕಿಲೊ ಆಸುಪಾಸು. ಶೇ 80ರವರೆಗೆ ಬಳಸಿದರೆ 160 ಎಎಚ್ ಸಿಗುತ್ತದೆ, ಉಳಿದದ್ದನ್ನು ಸೋಲಾರ್ ತುಂಬಿಕೊಡುತ್ತದೆ.

ಎಂಜಿನ್ ಪ್ಯಾನೆಲ್‌ನ ಆಂಪಿಯರ್ ಮೀಟರ್ ಕಿತ್ತುಹಾಕಿ ಎಂದು ಎಲ್ಲರೂ ಯಾಕೆ ಹೇಳುತ್ತಾರೆ?

1980ರ ದಶಕದ, ಯೂನಿವರ್ಸಲ್ ಕಂಪನಿಯ ಡೀಸೆಲ್ ಎಂಜಿನ್ ಇರುವ ದೋಣಿ ನಿಮ್ಮದಾದರೆ ಇಡೀ ಪುಟದಲ್ಲಿ ಬಿಡಲೇಬಾರದ ಕೆಲಸ ಇದೇ. ಎಂಜಿನ್ ತಿರುಗಿಸುವ ಆಲ್ಟರ್ನೇಟರ್ ಹುಟ್ಟಿಸುವ ಕರೆಂಟ್ ಪೂರ್ತಿಯಾಗಿ 10 ಗೇಜ್‌ನ ಒಂದು ವೈರ್‌ನಲ್ಲಿ ಕಾಕ್‌ಪಿಟ್‌ನ (ಚುಕ್ಕಾಣಿ ಹಿಡಿದು ಕೂರುವ ಜಾಗದ) ಪ್ಯಾನೆಲ್ಲಿಗೆ ಹೋಗಿ, ಅಲ್ಲಿನ ಆಂಪಿಯರ್ ಮೀಟರ್ ಹಾದು, ಮತ್ತೆ ಎಂಜಿನ್ನಿನ ಬಳಿಗೆ ಬಂದು, ಆಮೇಲೆ ಬ್ಯಾಟರಿ ಸೇರುತ್ತದೆ. ಹೋಗಿ ಬರಲು ಸುಮಾರು 10 ಮೀಟರ್. ಆ ವೈರ್‌ನ ರೋಧ ಮೀಟರ್‌ಗೆ 3.3 ಮಿಲಿಓಮ್‌ನಂತೆ ಲೆಕ್ಕ ಹಾಕಿದರೆ 40 ಆಂಪಿಯರ್‌ನಲ್ಲಿ 1.3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬ್ಯಾಟರಿ ಎಂದೂ ತುಂಬದಿರುವುದಕ್ಕೆ ಅರ್ಧ ಕಾರಣ ಇದು.

ಇನ್ನೂ ಕೆಟ್ಟದ್ದು ದಾರಿಯಲ್ಲಿರುವ ಎರಡು ಪ್ಲಗ್‌ಗಳು. ಕಾರಿನ ಹಿಂದೆ ಟ್ರೇಲರ್ ಎಳೆಯುವಾಗ ದೀಪಕ್ಕೆ ಸಿಕ್ಕಿಸುವಂಥ ರಬ್ಬರ್ ಪ್ಲಗ್ ಅವು. ಒಂದು ಎಂಜಿನ್ ತುದಿಯಲ್ಲಿ, ಒಂದು ಪ್ಯಾನೆಲ್ ತುದಿಯಲ್ಲಿ. ಬಿಚ್ಚಿ ನೋಡಿ. ಆಲ್ಟರ್ನೇಟರ್ ವೈರ್ ಕೂರುವ ಪಿನ್ನಿನ ಸುತ್ತ ರಬ್ಬರ್ ಕರಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಪಿನ್ ಹಸಿರು ಕಿಲುಬು ಹಿಡಿದಿರುತ್ತದೆ, ವೈರ್ ಬಗ್ಗಿಸಿದರೆ ತಾಮ್ರದ ಎಳೆಗಳು ಕಪ್ಪು ಪುಡಿಯಾಗಿ ಉದುರುತ್ತವೆ.

ರಿಪೇರಿ ಹೀಗೆ. ಎರಡೂ ಪ್ಲಗ್ ಕತ್ತರಿಸಿ ಹಾಕಿ. ಅವುಗಳ ಜಾಗದಲ್ಲಿ ಟರ್ಮಿನಲ್ ಸ್ಟ್ರಿಪ್ ಕೂರಿಸಿ ರಿಂಗ್ ಟರ್ಮಿನಲ್‌ಗಳಿಂದ ಜೋಡಿಸಿ. ಆಲ್ಟರ್ನೇಟರ್ ಔಟ್‌ಪುಟ್‌ಗೆ 4 ಗೇಜ್‌ನ, ಅಂದರೆ 21 ಸ್ಕ್ವೇರ್ ಎಂಎಂನ ಕೇಬಲ್ ನೇರವಾಗಿ ಬ್ಯಾಟರಿ ಕಡೆಗೆ ಎಳೆದು, ಬ್ಯಾಟರಿ ತುದಿಯಲ್ಲಿ 100 ಆಂಪಿಯರ್ ಫ್ಯೂಸ್ ಹಾಕಿ. ಆಂಪಿಯರ್ ಮೀಟರ್ ಇದ್ದ ತೂತಿನಲ್ಲೇ ವೋಲ್ಟ್ ಮೀಟರ್ ಕೂರುತ್ತದೆ. ಇದಕ್ಕೆಂದೇ ಸಿದ್ಧ ಹಾರ್ನೆಸ್ ಕಿಟ್ ಕೂಡ ಸಿಗುತ್ತದೆ.

ಕೈ ಹಾಕಿದ ಮೇಲೆ ಡೀಸೆಲ್ ಎಂಜಿನ್ ಶುರುವಾಗಲು ಮೊದಲು ಬಿಸಿ ಕೊಡುವ ಗ್ಲೋ ಪ್ಲಗ್‌ಗಳ ವೈರನ್ನೂ ಬದಲಿಸಿ. ಮೂರೂ ಸೇರಿ 20 ಆಂಪಿಯರ್‌ಗಿಂತ ಹೆಚ್ಚು ಎಳೆಯುವ ಕರೆಂಟ್ ಕಾಕ್‌ಪಿಟ್‌ವರೆಗೆ ಹೋಗಿ ಬರುವ ಅಗತ್ಯವೇ ಇಲ್ಲ. ಎಂಜಿನ್ ಬಳಿ ಒಂದು ಸೊಲೆನಾಯ್ಡ್ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್ ಮಾಡುವ ಸ್ವಿಚ್) ಇಟ್ಟು, ಪ್ಯಾನೆಲ್‌ನ ಬಟನ್ ಅದನ್ನು ಮಾತ್ರ ಎಳೆಯುವಂತೆ ಮಾಡಿ. ಚಳಿಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕಿದ್ದ ಗ್ಲೋ ಹತ್ತು ಹದಿನೈದು ಸೆಕೆಂಡಿಗೆ ಇಳಿಯುತ್ತದೆ.

ಮನೆ ವೈರಿಂಗ್‌ನ ತಾಮ್ರದ ವೈರ್ ಅಥವಾ ಕಾರಿನ ವೈರ್ ಬಳಸಬಹುದೇ?

ಬೇಡ. ಮನೆಯ ಒಂಟಿ ಎಳೆಯ ವೈರ್ ಅಲುಗಾಟಕ್ಕೆ ಬಳಲಿ ಮುರಿಯುತ್ತದೆ. ಕಾರಿನದು ಬಹು ಎಳೆಯದಾದರೂ ಬರಿಯ ತಾಮ್ರ, ಉಪ್ಪಿನ ತೇವ ಇನ್ಸುಲೇಷನ್ನಿನ ಒಳಗೆ ಅಡಿಗಟ್ಟಲೆ ಏರಿಹೋಗಿ ಎಳೆಗಳನ್ನೆಲ್ಲ ಕಪ್ಪಾಗಿಸುತ್ತದೆ. ಅದೂ ಅಲ್ಲದೆ ಕಾರಿನ ವೈರ್ ಅಳೆಯುವ ಎಸ್ಎಇ ಗೇಜ್‌ನಲ್ಲಿ ಅದೇ ಅಂಕಿಗೆ ತಾಮ್ರ ಶೇ 6ರಿಂದ 12ರಷ್ಟು ಕಡಿಮೆ. ತವರ ಲೇಪಿಸಿದ, ಸಣ್ಣ ಎಳೆಗಳ, 105 ಡಿಗ್ರಿ ತಡೆಯುವ ಮರೀನ್ ಕೇಬಲ್ ಕೇಳಿ ಪಡೆಯಿರಿ. ಮೇಲೆ ಯುಎಲ್ 1426 ಎಂದು ಅಚ್ಚಾಗಿರುತ್ತದೆ.

ಡಿಸಿ ನೆಗೆಟಿವ್‌ಗೆ ಹಳದಿ ಬಣ್ಣ ಆರಿಸಿ. ಕಪ್ಪು ಕೂಡ ನಿಯಮಕ್ಕೆ ಒಪ್ಪಿತ, ಆದರೆ ಅಮೆರಿಕದ 120 ವೋಲ್ಟ್ ವೈರಿಂಗ್‌ನಲ್ಲಿ ಲೈವ್ ವೈರ್ ಕಪ್ಪು. ಕತ್ತಲ ಮೂಲೆಯಲ್ಲಿ ಎರಡೂ ಒಟ್ಟಿಗಿದ್ದರೆ ಆಗುವ ಎಡವಟ್ಟು ಸಣ್ಣದಲ್ಲ.

ಎಷ್ಟು ದಪ್ಪದ ವೈರ್ ಎಂದು ಲೆಕ್ಕ ಹಾಕುವುದು ಹೇಗೆ?

12 ವೋಲ್ಟ್‌ನಲ್ಲಿ ವೈರ್ ಬಿಸಿಯಾಗುವುದಕ್ಕಿಂತ ಮೊದಲು ಕಾಡುವುದು ವೋಲ್ಟೇಜ್ ಇಳಿತ. ನ್ಯಾವಿಗೇಷನ್ ದೀಪ, ಮುಖ್ಯ ಪ್ಯಾನೆಲ್ಲಿಗೆ ಹೋಗುವ ಕೇಬಲ್ ಮುಂತಾದ ಮುಖ್ಯ ಸರ್ಕ್ಯೂಟ್‌ಗೆ ಶೇ 3, ಅಂದರೆ 0.36 ವೋಲ್ಟ್ ಮಿತಿ. ಕ್ಯಾಬಿನ್ ದೀಪ, ಫ್ಯಾನಿಗೆ ಶೇ 10ರವರೆಗೆ ನಡೆಯುತ್ತದೆ. ಎಲೆಕ್ಟ್ರಾನಿಕ್ಸ್‌ಗೂ ಶೇ 3 ಇಟ್ಟುಕೊಳ್ಳುವುದು ಒಳ್ಳೆಯದು.

ಸೂತ್ರ ಸುಲಭ: ಹೋಗಿ ಬರುವ ಒಟ್ಟು ಉದ್ದ ಮೀಟರ್‌ಗಳಲ್ಲಿ, ಅದಕ್ಕೆ ಆಂಪಿಯರ್ ಗುಣಿಸಿ, 0.018 ಗುಣಿಸಿ, ಒಪ್ಪುವ ವೋಲ್ಟ್ ಇಳಿತದಿಂದ ಭಾಗಿಸಿ. ಉತ್ತರ ಸ್ಕ್ವೇರ್ ಎಂಎಂನಲ್ಲಿ ಬರುತ್ತದೆ. ಕಾಕ್‌ಪಿಟ್‌ನ ಉಪಕರಣಗಳು 5 ಆಂಪಿಯರ್, ದೂರ 4.5 ಮೀಟರ್ ಎಂದುಕೊಳ್ಳಿ. 9 ಗುಣಿಸು 5 ಗುಣಿಸು 0.018, ಭಾಗಿಸು 0.36 ಮಾಡಿದರೆ 2.25. 14 ಗೇಜ್ ಅಂದರೆ 2.08 ಮಾತ್ರ, ಸಾಲದು. 12 ಗೇಜ್ 3.3, ಅದನ್ನೇ ಹಾಕಿ. ಬರುವಾಗಿನ ಉದ್ದ ಮರೆತು ಅರ್ಧ ಲೆಕ್ಕ ಮಾಡುವುದು ಎಲ್ಲರೂ ಮಾಡುವ ತಪ್ಪು.

ಫ್ರಿಜ್ಜಿಗೆ ಈ ಸೂತ್ರ ಬಿಡಿ. ಡ್ಯಾನ್‌ಫಾಸ್‌ನ ಬಿ.ಡಿ. 35 (BD35) ಮಾದರಿಯ ಕಂಪ್ರೆಸರ್‌ಗೆ ತಯಾರಕರೇ ಕೊಟ್ಟ ಕೋಷ್ಟಕದಲ್ಲಿ ಬ್ಯಾಟರಿಯಿಂದ ದೂರ ಎಷ್ಟು ಮೀಟರೋ ಅಷ್ಟು ಸ್ಕ್ವೇರ್ ಎಂಎಂ: 4 ಮೀಟರ್‌ಗೆ 4, 6 ಮೀಟರ್‌ಗೆ 6.

ಬ್ಯಾಟರಿ ಪೂರ್ತಿ ಇದ್ದರೂ ಫ್ರಿಜ್ ಶುರುವಾಗಿ ಮತ್ತೆ ನಿಲ್ಲುತ್ತದೆ. ಕಂಪ್ರೆಸರ್ ಹೋಯಿತೇ?

ಬಹುತೇಕ ಇಲ್ಲ. ಕಂಟ್ರೋಲ್ ಯೂನಿಟ್‌ಗೆ ಎಲ್ಇಡಿ ಸಿಕ್ಕಿಸಿ ನೋಡಿ, ಒಂದೊಂದೇ ಮಿನುಗು ಕೊಡುತ್ತಿದ್ದರೆ ಅದು ಕಡಿಮೆ ವೋಲ್ಟೇಜ್ ದೂರು. ಈಗ ಇಳಿತ ಎಲ್ಲಿ ಎಂದು ಹುಡುಕಬೇಕು. ಕಂಪ್ರೆಸರ್ ಓಡುತ್ತಿರುವಾಗಲೇ ಮಲ್ಟಿಮೀಟರ್‌ನ ಒಂದು ಮುಳ್ಳು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಇನ್ನೊಂದು ಫ್ರಿಜ್ಜಿನ ಪಾಸಿಟಿವ್ ಟರ್ಮಿನಲ್ಲಿಗೆ ಇಡಿ. ಬರುವ ಅಂಕಿ ಆ ಬದಿಯ ಇಳಿತ. ನೆಗೆಟಿವ್ ಬದಿಯಲ್ಲೂ ಹಾಗೇ ಮಾಡಿ. ಒಂದು ಬದಿಯಲ್ಲಿ 0.1, ಇನ್ನೊಂದರಲ್ಲಿ 0.8 ಬಂದರೆ ಹುಡುಕಾಟ ಅರ್ಧ ಮುಗಿದಂತೆ. ಮುಳ್ಳನ್ನು ಜೋಡಣೆಯಿಂದ ಜೋಡಣೆಗೆ ಸರಿಸುತ್ತಾ ಹೋದರೆ ತಪ್ಪಿತಸ್ಥ ಸಿಕ್ಕಿಬೀಳುತ್ತದೆ. ಸಾಮಾನ್ಯವಾಗಿ ಅದು ಪ್ಯಾನೆಲ್‌ನ ಹಳೆಯ ಬ್ರೇಕರ್, ಇಲ್ಲವೇ ಯಾರೂ ಮುಟ್ಟದ ನೆಗೆಟಿವ್ ಬಸ್‌ಬಾರ್. ಲೋಡ್ ಇಲ್ಲದೆ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಬೆಸುಗೆಯೋ, ಕ್ರಿಂಪೋ?

ಕ್ರಿಂಪ್, ಅಂದರೆ ಲೋಹದ ಟರ್ಮಿನಲ್ಲನ್ನು ವೈರ್ ಮೇಲೆ ಒತ್ತಿ ಕಚ್ಚಿಸುವುದು. ಬೆಸುಗೆ ಹಾಕಿದ ಕಡೆ ಸೀಸ ಎಳೆಗಳ ನಡುವೆ ಹೀರಿಕೊಂಡು ವೈರ್ ಕಡ್ಡಿಯಂತೆ ಬಿರುಸಾಗುತ್ತದೆ, ಅಲುಗಾಟಕ್ಕೆ ಆ ಅಂಚಿನಲ್ಲೇ ಮುರಿಯುತ್ತದೆ. ಬರೀ ಬೆಸುಗೆಯ ಬಲದ ಮೇಲೆ ನಿಂತ ಜೋಡಣೆಯನ್ನು ನಿಯಮವೂ ಒಪ್ಪುವುದಿಲ್ಲ.

ಆದರೆ ಕ್ರಿಂಪ್ ಅಂದರೆ ಕಟಿಂಗ್ ಪ್ಲೇಯರ್‌ನಲ್ಲಿ ಅಮುಕುವುದಲ್ಲ. ಪೂರ್ತಿ ಒತ್ತುವವರೆಗೆ ಬಿಡದ ರ‍್ಯಾಚೆಟ್ ಕ್ರಿಂಪರ್ ಬೇಕು, ಅಂಟು ಸವರಿದ ಹೀಟ್ ಶ್ರಿಂಕ್ ಟರ್ಮಿನಲ್ ಬೇಕು. ಬಿಸಿ ಕೊಟ್ಟಾಗ ತುದಿಯಲ್ಲಿ ಅಂಟು ಸಣ್ಣ ಉಂಗುರವಾಗಿ ಹೊರಬಂದರೆ ನೀರು ಒಳಹೋಗದು ಎಂದರ್ಥ. ಸುಮ್ಮನೆ ಸಿಕ್ಕಿಸುವ ಸ್ಪೇಡ್‌ಗಿಂತ ಸ್ಕ್ರೂ ಸಡಿಲವಾದರೂ ಕಳಚದ ರಿಂಗ್ ಒಳ್ಳೆಯದು. ಬ್ಯಾಟರಿ ಕೇಬಲ್‌ನ ತುದಿಯ ದಪ್ಪ ಟರ್ಮಿನಲ್‌ಗೆ, ಅಂದರೆ ಲಗ್‌ಗೆ, ಹೈಡ್ರಾಲಿಕ್ ಕ್ರಿಂಪರ್ ಬಾಡಿಗೆಗೆ ತನ್ನಿ, ಇಲ್ಲವೇ ಅಳತೆ ಕೊಟ್ಟು ಅಂಗಡಿಯಲ್ಲೇ ಮಾಡಿಸಿ. ಮೊದಲ ನಾಲ್ಕೈದು ಕ್ರಿಂಪ್‌ಗಳನ್ನು ತುಂಡು ವೈರ್ ಮೇಲೆ ಮಾಡಿ ಎಳೆದು ನೋಡಿ. 14 ಗೇಜ್‌ನದು 30 ಪೌಂಡ್, ಸುಮಾರು 13.5 ಕಿಲೊ ಭಾರವನ್ನು ಒಂದು ನಿಮಿಷ ತಡೆಯಬೇಕು.

ಲಗ್ ಜೋಡಿಸುವಾಗ ಒಂದು ಸಣ್ಣ ತಪ್ಪು ದೊಡ್ಡ ಬಿಸಿ ಹುಟ್ಟಿಸುತ್ತದೆ. ಬೋಲ್ಟಿಗೆ ಮೊದಲು ವಾಷರ್, ಅದರ ಮೇಲೆ ಲಗ್ ಹಾಕಿದರೆ ಕರೆಂಟ್ ಪೂರ್ತಿ ಆ ಸ್ಟೇನ್‌ಲೆಸ್ ವಾಷರ್ ಮೂಲಕ ಹರಿಯಬೇಕು. ಸ್ಟೇನ್‌ಲೆಸ್ ಸ್ಟೀಲಿನ ರೋಧ ತಾಮ್ರದ ನಲವತ್ತು ಪಟ್ಟಿಗೂ ಹೆಚ್ಚು. ತಾಮ್ರಕ್ಕೆ ತಾಮ್ರ ಮುಖಾಮುಖಿಯಾಗಿ ಕೂರಲಿ: ಕೆಳಗೆ ಅತಿ ಹೆಚ್ಚು ಕರೆಂಟಿನ ಲಗ್, ಅದರ ಮೇಲೆ ಸಣ್ಣವು, ಎಲ್ಲದರ ಮೇಲೆ ವಾಷರ್, ಸ್ಪ್ರಿಂಗ್ ವಾಷರ್, ನಟ್. ಒಂದು ಬೋಲ್ಟಿಗೆ ನಾಲ್ಕಕ್ಕಿಂತ ಹೆಚ್ಚು ಬೇಡ.

ಫ್ಯೂಸ್ ಎಲ್ಲೆಲ್ಲಿ, ಎಷ್ಟೆಷ್ಟು?

ಫ್ಯೂಸ್ ಕಾಯುವುದು ವೈರನ್ನು. ಆದ್ದರಿಂದ ಅದು ಕರೆಂಟ್ ಬರುವ ತುದಿಯಲ್ಲಿರಬೇಕು: ಬ್ಯಾಟರಿಯಿಂದ 7 ಇಂಚಿನ, ಅಂದರೆ 18 ಸೆಂಟಿಮೀಟರ್ ಒಳಗೆ. ಕೇಬಲ್ ನೇರ ಬ್ಯಾಟರಿ ಕಂಬದಿಂದ ಹೊರಟು, ಉದ್ದಕ್ಕೂ ಹೊರಕವಚದ ಒಳಗಿದ್ದರೆ 72 ಇಂಚಿನವರೆಗೆ ವಿನಾಯಿತಿ ಇದೆ. ಸ್ಟಾರ್ಟರ್ ಕೇಬಲ್‌ಗೆ ನಿಯಮ ಫ್ಯೂಸ್ ಕೇಳುವುದಿಲ್ಲ. ಆದರೂ ಈ ಅಳತೆಯ ಎಂಜಿನ್ನಿಗೆ 300 ಆಂಪಿಯರ್‌ನದು ಒಂದು ಹಾಕಿದರೆ ನಷ್ಟವಿಲ್ಲ.

ಆಂಪಿಯರ್ ಅಂಕಿಯಷ್ಟೇ ನೋಡಿದರೆ ಸಾಲದು, ಶಾರ್ಟ್ ಆದಾಗ ಎಷ್ಟು ಕರೆಂಟನ್ನು ಕಡಿದು ನಿಲ್ಲಿಸಬಲ್ಲದು ಎಂಬುದೂ ಮುಖ್ಯ. ಎಎನ್ಎಲ್ ಫ್ಯೂಸ್ 6,000 ಆಂಪಿಯರ್, ಬ್ಯಾಟರಿ ಕಂಬದ ಮೇಲೇ ಕೂರುವ ಎಂಆರ್‌ಬಿಎಫ್ 14 ವೋಲ್ಟ್‌ನಲ್ಲಿ 10,000, ಕ್ಲಾಸ್ ಟಿ 20,000. ಲಿಥಿಯಂ ಬ್ಯಾಂಕಿನ (ಬ್ಯಾಟರಿ ಗುಂಪಿನ) ಮುಖ್ಯ ಫ್ಯೂಸ್ ಕ್ಲಾಸ್ ಟಿ ಆಗಿರಲಿ. ಅದಕ್ಕಿಂತ ಕಡಿಮೆಯದರಲ್ಲಿ ತಂತಿ ಕರಗಿದ ಮೇಲೂ ಕಿಡಿಯ ಸೇತುವೆಯಾಗಿ ಕರೆಂಟ್ ಹರಿಯುತ್ತಲೇ ಇರುವ ಅಪಾಯವಿದೆ.

200 ಎಎಚ್ ಲಿಥಿಯಂ, ಇನ್ವರ್ಟರ್ 1,000 ವಾಟ್ ದಾಟದ ದೋಣಿಗೆ: ಮುಖ್ಯ ಕೇಬಲ್ 1/0 ಗೇಜ್, ಕ್ಲಾಸ್ ಟಿ 200. ಪ್ಯಾನೆಲ್ಲಿಗೆ 6 ಗೇಜ್, ಫ್ಯೂಸ್ 80. ಇನ್ವರ್ಟರ್‌ಗೆ 2 ಗೇಜ್, ಫ್ಯೂಸ್ 150. ಶಾಖೆಗಳಲ್ಲಿ 14 ಗೇಜ್‌ಗೆ 15 ಆಂಪಿಯರ್, 12 ಗೇಜ್‌ಗೆ 20. ಎಂಜಿನ್ ಕೋಣೆ ಹಾದುಹೋಗುವ 105 ಡಿಗ್ರಿ ಕೇಬಲ್‌ನ ಸಾಮರ್ಥ್ಯವನ್ನು 0.85ರಿಂದ ಗುಣಿಸಿ ಇಳಿಸಿಕೊಳ್ಳಿ.

ಹಳೆಯ ‘1, 2, ಬೋತ್’ ಸ್ವಿಚ್ ಇರಲಿ ಬಿಡಬಹುದೇ?

ಒಂದನೇ ಬ್ಯಾಟರಿ, ಎರಡನೇ ಬ್ಯಾಟರಿ ಅಥವಾ ಎರಡನ್ನೂ ಆರಿಸುವ ಈ ಸ್ವಿಚ್ ಕೆಲಸ ಮಾಡುತ್ತದೆ, ಆದರೆ ನೆನಪಿನ ಮೇಲೆ ನಿಂತ ವ್ಯವಸ್ಥೆ ಅದು. ಬೋತ್‌ನಲ್ಲಿ ಮರೆತು ಮಲಗಿದರೆ ಬೆಳಗ್ಗೆ ಎರಡೂ ಬ್ಯಾಟರಿ ಖಾಲಿ. ಎಂಜಿನ್ ಓಡುತ್ತಿರುವಾಗ ಆಫ್ ದಾಟಿಸಿದರೆ ಆಲ್ಟರ್ನೇಟರ್‌ನ ಡಯೋಡ್ ಸುಟ್ಟುಹೋಗುತ್ತದೆ. ಬದಲಿಗೆ ಮೂರು ಸಾದಾ ಆನ್-ಆಫ್ ಸ್ವಿಚ್ ಹಾಕಿ: ದೀಪ, ಫ್ರಿಜ್ ಮುಂತಾದ ಒಳಬಳಕೆಯ ಬ್ಯಾಂಕಿಗೆ ಒಂದು, ಸ್ಟಾರ್ಟಿಂಗ್ ಬ್ಯಾಟರಿಗೆ ಒಂದು, ತುರ್ತಿಗೆ ಎರಡನ್ನೂ ಕೂಡಿಸಲು ಒಂದು. ಎರಡೂ ಸೀಸದ ಬ್ಯಾಟರಿಗಳಾದರೆ ನಡುವೆ ತಾನೇ ಕೂಡಿ ತಾನೇ ಬಿಡುವ ಚಾರ್ಜಿಂಗ್ ರಿಲೇ ಸಾಕು. ಒಂದು ಲಿಥಿಯಂ, ಒಂದು ಸೀಸ ಆದರೆ ಆ ರಿಲೇ ಬೇಡ, ಕಾರಣ ಮುಂದಿನ ಉತ್ತರದಲ್ಲಿದೆ.

ಲಿಥಿಯಂ ಹಾಕಿದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದಂತೆ, ನಿಜವೇ?

ನಿಜ. ಸೀಸದ ಬ್ಯಾಟರಿ ತುಂಬುತ್ತಾ ಬಂದಂತೆ ಕರೆಂಟ್ ತಾನೇ ಕಡಿಮೆ ತೆಗೆದುಕೊಳ್ಳುತ್ತದೆ. ಲಿಥಿಯಂ ಹಾಗಲ್ಲ, ಬಹುತೇಕ ತುಂಬುವವರೆಗೂ ಕೊಟ್ಟಷ್ಟನ್ನೂ ನುಂಗುತ್ತದೆ. ಕಾರಿನ ಮಾದರಿಯ ಸಣ್ಣ ಆಲ್ಟರ್ನೇಟರ್ ಗಂಟೆಗಟ್ಟಲೆ ಪೂರ್ತಿ ಕರೆಂಟ್ ಕೊಡಲು ಆಗಿದ್ದಲ್ಲ. ಇನ್ನೊಂದು ಅಪಾಯ ಬ್ಯಾಟರಿಯೊಳಗಿನ ಬಿಎಂಎಸ್‌ನದು, ಅಂದರೆ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟಿನದು. ಅದು ಚಾರ್ಜಿನ ನಡುವೆ ಥಟ್ಟನೆ ಕಡಿದುಕೊಂಡರೆ ಆಲ್ಟರ್ನೇಟರ್ ವೋಲ್ಟೇಜ್ ಜಿಗಿದು ಡಯೋಡ್ ಜೊತೆಗೆ ರೇಡಿಯೊ, ಪ್ಲಾಟರ್ ಕೂಡ ಹೋಗಬಹುದು.

ಈ ದೋಣಿಗೆ ನಮ್ಮ ಆಯ್ಕೆ ಡಿಸಿ-ಡಿಸಿ ಚಾರ್ಜರ್. ಆಲ್ಟರ್ನೇಟರ್ ಸೀಸದ ಸ್ಟಾರ್ಟಿಂಗ್ ಬ್ಯಾಟರಿಗೆ ಮಾತ್ರ ನೇರ ಸೇರಲಿ. ಅಲ್ಲಿಂದ 30 ಆಂಪಿಯರ್‌ನ ಚಾರ್ಜರ್ ಲಿಥಿಯಂ ಕಡೆಗೆ. ಬಿಎಂಎಸ್ ಕಡಿದರೂ ಆಲ್ಟರ್ನೇಟರ್‌ಗೆ ಸೀಸದ ಬ್ಯಾಟರಿಯ ಆಸರೆ ಇರುತ್ತದೆ, ಎಳೆತವೂ ಮಿತಿಯಲ್ಲಿರುತ್ತದೆ. ಇನ್‌ಪುಟ್‌ಗೆ 60 ಆಂಪಿಯರ್ ಫ್ಯೂಸ್, 6 ಗೇಜ್ ಕೇಬಲ್. ಈ ಚಾರ್ಜರ್‌ಗಳು ಕೈ ಸುಡುವಷ್ಟು ಬಿಸಿಯಾಗುತ್ತವೆ. ಎಂಜಿನ್ ಕೋಣೆಯಲ್ಲಿ ಇಟ್ಟರೆ 40 ಡಿಗ್ರಿ ದಾಟಿದ ಕೂಡಲೇ ಔಟ್‌ಪುಟ್ ಇಳಿಸಿಕೊಳ್ಳುವ ಮಾದರಿಗಳೇ ಹೆಚ್ಚು. ಗಾಳಿಯಾಡುವ ಲಾಕರ್‌ನ ಗೋಡೆಗೆ ನೆಟ್ಟಗೆ ಹಾಕಿ.

ದೊಡ್ಡ ಆಲ್ಟರ್ನೇಟರ್, ಹೊರಗಿನ ರೆಗ್ಯುಲೇಟರ್ ಹಾದಿಯೂ ಇದೆ. ಆದರೆ 3/8 ಇಂಚಿನ ಒಂಟಿ ಬೆಲ್ಟ್ 80 ಆಂಪಿಯರ್ ಆಚೆ ಎಳೆಯಲಾರದು, ಕಪ್ಪು ಪುಡಿ ಉದುರಿಸುತ್ತದೆ. ಯೂನಿವರ್ಸಲ್‌ನ ಹಳೆಯ ಎಂ-25 ಎಂಜಿನ್‌ಗಳಲ್ಲಿ ಆಲ್ಟರ್ನೇಟರ್ ಬ್ರ್ಯಾಕೆಟ್ ಬಿರುಕು ಬಿಡುವ ಇತಿಹಾಸ ಬೇರೆ. ಮೊದಲು ಬ್ರ್ಯಾಕೆಟ್ ನೋಡಿ, ಆಮೇಲೆ ಆಲ್ಟರ್ನೇಟರ್ ಕನಸು ಕಾಣಿ.

ಹಾಗಾದರೆ ಸೀಸದ ಬ್ಯಾಟರಿಯಲ್ಲೇ ಉಳಿಯುವುದು ತಪ್ಪೇ?

ಖಂಡಿತ ಅಲ್ಲ. ವಾರಾಂತ್ಯಕ್ಕೆ ಮಾತ್ರ ಹೊರಡುವ, ವಾರವಿಡೀ ಮರೀನಾದ ಕರೆಂಟಿಗೆ ಸಿಕ್ಕಿಸಿಡುವ ದೋಣಿಗೆ ಎರಡು ಗಾಲ್ಫ್ ಕಾರ್ಟ್ ಬ್ಯಾಟರಿ ಧಾರಾಳ. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತವೆ. ದಿನಗಟ್ಟಲೆ ಲಂಗರಿನಲ್ಲಿರುವವರಿಗೆ ಲಿಥಿಯಂ ಲಾಭ: ಕೊನೆಯ ಶೇ 20 ತುಂಬಿಸಲು ಸೀಸದ ಹಾಗೆ ಹಲವು ಗಂಟೆ ಕಾಯಬೇಕಿಲ್ಲ.

ಲಿಥಿಯಂಗೆ ಮೂರು ಎಚ್ಚರಿಕೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಗ್ರೇಟ್ ಲೇಕ್ಸ್ ಕಡೆಯವರು ಇದನ್ನು ಮರೆಯುವಂತಿಲ್ಲ. ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಶೇ 80ರಲ್ಲೂ 40ರಲ್ಲೂ ಹೆಚ್ಚುಕಡಿಮೆ 13 ವೋಲ್ಟೇ ತೋರಿಸುತ್ತದೆ, ಆಮೇಲೆ ಒಮ್ಮೆಲೇ ಕತ್ತಲು. ಎರಡು ಬ್ಯಾಟರಿ ಪ್ಯಾರಲಲ್ ಸೇರಿಸುವ ಮೊದಲು ಒಂದೊಂದನ್ನೂ ಬೇರೆಬೇರೆಯಾಗಿ ಪೂರ್ತಿ ತುಂಬಿಸಿ.

ಸೋಲಾರ್ ಎಷ್ಟು ಹಾಕಬಹುದು?

ಕಾಕ್‌ಪಿಟ್‌ನ ಬಟ್ಟೆ ಚಾವಣಿಯಾದ ಬಿಮಿನಿ ಮೇಲೆ 100 ವಾಟ್‌ನ ಎರಡು ಪ್ಯಾನೆಲ್ ಹಿಡಿಯುತ್ತವೆ. ಒಳ್ಳೆಯ ಬಿಸಿಲಿನ ದಿನ ವಾಟ್ ಅಂಕಿಯ ಶೇ 30ರಷ್ಟು ಎಎಚ್ ಎಂದು ಲೆಕ್ಕ ಹಿಡಿಯಿರಿ: 200 ವಾಟ್‌ಗೆ 60. ಬೂಮ್‌ನ (ಹಾಯಿಯ ಬುಡದ ಅಡ್ಡಕಂಬದ) ನೆರಳು ಒಂದಲ್ಲ ಒಂದು ಪ್ಯಾನೆಲ್ ಮೇಲೆ ಬಿದ್ದೇ ಬೀಳುವುದರಿಂದ ಎರಡನ್ನೂ ಪ್ಯಾರಲಲ್ ಆಗಿ ಜೋಡಿಸಿ. 75 ವೋಲ್ಟ್, 15 ಆಂಪಿಯರ್‌ನ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ ಸಾಧನ) ಸಾಕು. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ. ಲಿಥಿಯಂ ಆದರೆ ಕಂಟ್ರೋಲರ್‌ನಲ್ಲಿ ಚಾರ್ಜಿಂಗ್ 14.2 ವೋಲ್ಟ್, ಫ್ಲೋಟ್ (ತುಂಬಿದ ಮೇಲಿನ ಮಟ್ಟ) 13.5, ಈಕ್ವಲೈಸ್ ಮತ್ತು ತಾಪಮಾನದ ಹೊಂದಾಣಿಕೆ ಎರಡೂ ಆಫ್. ಬ್ಯಾಟರಿ ತಯಾರಕರ ಅಂಕಿ ಬೇರೆಯಿದ್ದರೆ ಅದೇ ಕೊನೆಯ ಮಾತು.

ಬಿಲ್ಜ್ ಪಂಪ್ (ದೋಣಿಯ ತಳದಲ್ಲಿ ಸೇರಿದ ನೀರು ಹೊರಹಾಕುವುದು) ಯಾವ ಸ್ವಿಚ್‌ನ ಕೆಳಗೆ?

ಯಾವುದರ ಕೆಳಗೂ ಅಲ್ಲ. ದೋಣಿ ಬಿಟ್ಟುಹೋಗುವಾಗ ಎಲ್ಲವನ್ನೂ ಆಫ್ ಮಾಡುತ್ತೀರಿ, ಪಂಪ್ ಬೇಕಾಗುವುದು ಆಗಲೇ. ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಕೊಡಿ. ಫ್ಯೂಸ್ ಅಂಕಿ ಪಂಪಿನ ಮೇಲೇ ಬರೆದಿರುತ್ತದೆ, ಅದಕ್ಕಿಂತ ದೊಡ್ಡದು ಹಾಕಬೇಡಿ. ಕಸ ಸಿಕ್ಕಿ ಇಂಪೆಲ್ಲರ್ ಹಿಡಿದುಕೊಂಡಾಗ ಫ್ಯೂಸ್ ಹಾರದಿದ್ದರೆ ಪಂಪೇ ಸುಡುತ್ತದೆ. ಜೋಡಣೆ ನೀರು ನಿಲ್ಲುವ ಮಟ್ಟಕ್ಕಿಂತ ಎಷ್ಟು ಮೇಲಿದ್ದರೆ ಅಷ್ಟು ಒಳ್ಳೆಯದು.

ದೀಪಗಳಿಗೆ ಅಗ್ಗದ ಎಲ್ಇಡಿ ಹಾಕಿದ ಮೇಲೆ ರೇಡಿಯೊದಲ್ಲಿ ಗೊರಗೊರ ಸದ್ದು. ಸಂಬಂಧವಿದೆಯೇ?

ಇದೆ. ಕೆಲವು ಎಲ್ಇಡಿಗಳ ಒಳಗಿನ ಡ್ರೈವರ್ ವಿಎಚ್ಎಫ್ ಮತ್ತು ಎಐಎಸ್ (ಹಡಗುಗಳ ಸ್ಥಾನ ಸಾರುವ ವ್ಯವಸ್ಥೆ) ತರಂಗಾಂತರದಲ್ಲಿ ಗದ್ದಲ ಹಬ್ಬಿಸುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಪರೀಕ್ಷೆ ಹೀಗೆ: ಎಲ್ಲ ಎಲ್ಇಡಿ ಆರಿಸಿ, ರೇಡಿಯೊವನ್ನು 13ನೇ ಚಾನೆಲ್‌ಗೆ ಇಟ್ಟು, ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ಸ್ಕ್ವೆಲ್ಚ್ (ಗದ್ದಲ ತಡೆಯುವ ಗುಂಡಿ) ತಿರುಗಿಸಿ. ಈಗ ಒಂದೊಂದೇ ದೀಪ ಹಚ್ಚಿ. ಯಾವುದಕ್ಕೆ ಸದ್ದು ಮರಳುತ್ತದೋ ಅದನ್ನು ಎಸೆಯಿರಿ. ಮಾಸ್ಟ್ (ಹಾಯಿಕಂಬ) ತುದಿಯ ದೀಪ ಆಂಟೆನಾದ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಜುಗ್ಗತನ ಬೇಡ.

ಹಳೆಯ ನ್ಯಾವಿಗೇಷನ್ ದೀಪದ ಗೂಡಿಗೆ ಬಿಳಿ ಎಲ್ಇಡಿ ಬಲ್ಬ್ ಸಿಕ್ಕಿಸಿದರೆ ಹಸಿರು ಗಾಜಿನ ಹಿಂದೆ ಅದು ನೀಲಿಯಾಗಿ ಕಾಣುತ್ತದೆ, ದೀಪದ ಪ್ರಮಾಣಪತ್ರವೂ ಉಳಿಯದು. ಇಡೀ ದೀಪವನ್ನೇ ಬದಲಿಸಿ.

ಎಂಜಿನ್ ಪೆಟ್ರೋಲಿನದು. ಏನಾದರೂ ಬೇರೆ?

ಹಳೆಯ ಕ್ಯಾಟಲಿನಾಗಳಲ್ಲಿ ಅಟಾಮಿಕ್ 4 ಪೆಟ್ರೋಲ್ ಎಂಜಿನ್ ಇರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜ್‌ನಲ್ಲಿ ನಿಲ್ಲುತ್ತದೆ. ಎಂಜಿನ್, ಟ್ಯಾಂಕ್ ಇರುವ ಜಾಗದ ಪ್ರತಿ ಸ್ವಿಚ್, ಸೊಲೆನಾಯ್ಡ್, ಆಲ್ಟರ್ನೇಟರ್, ಫ್ಯೂಸ್ ಗೂಡು ಇಗ್ನಿಷನ್ ಪ್ರೊಟೆಕ್ಟೆಡ್ (ಆವಿಗೆ ಕಿಡಿ ಹತ್ತಿಸದ್ದು) ಎಂದು ಗುರುತಿಸಿದ್ದೇ ಆಗಿರಬೇಕು. ಕಾರಿನ ಬಿಡಿಭಾಗ ಒಂದೂ ಬೇಡ.

ದಡದ 120 ವೋಲ್ಟ್ ವೈರಿಂಗನ್ನೂ ನಾನೇ ಮಾಡಲೇ?

ಮರೀನ್ ಎಲೆಕ್ಟ್ರಿಷಿಯನ್‌ಗೆ ಬಿಡಿ. 12 ವೋಲ್ಟ್‌ನ ತಪ್ಪು ದೋಣಿ ಸುಡಬಹುದು, ಎಸಿಯ ತಪ್ಪು ಪಕ್ಕದಲ್ಲಿ ಈಜುವವರ ಜೀವ ತೆಗೆಯುತ್ತದೆ, ಸಿಹಿನೀರಿನಲ್ಲಂತೂ ಇನ್ನೂ ಬೇಗ. ನೀವು ನೋಡಬೇಕಾದದ್ದು ಮೂರು: ಸಾಕೆಟ್ ಪಿನ್‌ಗಳು ಸುಟ್ಟು ಕಪ್ಪಾಗಿವೆಯೇ, ಒಳಬರುವ ಜಾಗದಿಂದ 10 ಅಡಿಯೊಳಗೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿಯುವ ಬ್ರೇಕರ್ ಇದೆಯೇ, ಅರ್ತ್ ವೈರ್‌ನಲ್ಲಿ ಗ್ಯಾಲ್ವಾನಿಕ್ ಐಸೊಲೇಟರ್ ಇದೆಯೇ. ಕೊನೆಯದು ಇಲ್ಲದಿದ್ದರೆ ಅಕ್ಕಪಕ್ಕದ ದೋಣಿಗಳ ಜೊತೆ ಸೇರಿ ನಿಮ್ಮ ಪ್ರೊಪೆಲ್ಲರ್ ಕಾಯಲು ಕಟ್ಟಿದ ಸತುವಿನ ತುಂಡು ಬೇಗ ಬೇಗ ಕರಗುತ್ತದೆ.

ದೋಣಿ ಗೋವಾ ಅಥವಾ ಕೊಚ್ಚಿಯಲ್ಲಿದೆ. ಲೆಕ್ಕ ಬದಲಾಗುತ್ತದೆಯೇ?

ಫ್ರಿಜ್ ಹೆಚ್ಚು ಹೊತ್ತು ಓಡುತ್ತದೆ. ಅದಕ್ಕೆ 55 ಬದಲು 80 ಎಎಚ್ ಹಿಡಿಯಿರಿ. ಸೀಸದ ಬ್ಯಾಟರಿಯ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ. ಯಾವ ಬ್ಯಾಟರಿಯೇ ಆದರೂ ಎಂಜಿನ್ನಿನಿಂದ ದೂರದ ಸೆಟ್ಟಿಯ (ಕ್ಯಾಬಿನ್ನಿನ ಉದ್ದ ಆಸನದ) ಕೆಳಗಿಡಿ. ಮಳೆಗಾಲದ ಮೂರ್ನಾಲ್ಕು ತಿಂಗಳು ಸೋಲಾರ್ ನಂಬುವಂತಿಲ್ಲ. ಅಮೆರಿಕದಿಂದ ತರಿಸಿದ ಬರೀ 120 ವೋಲ್ಟಿನ ಚಾರ್ಜರ್ ಇಲ್ಲಿನ 230ಕ್ಕೆ ಸಿಕ್ಕಿಸಿದ ಕ್ಷಣವೇ ಹೊಗೆ.

ಎಲ್ಲ ಮುಗಿಯಿತು. ಮೊದಲ ಬಾರಿ ಕರೆಂಟ್ ಕೊಡುವುದು ಹೇಗೆ?

ಎಲ್ಲ ಸ್ವಿಚ್, ಬ್ರೇಕರ್ ಆಫ್ ಇರಲಿ. ನೆಗೆಟಿವ್ ಜೋಡಿಸಿ. ಪಾಸಿಟಿವ್ ಕೇಬಲ್ ನೇರ ಜೋಡಿಸುವ ಬದಲು, ಅದಕ್ಕೂ ಬ್ಯಾಟರಿ ಕಂಬಕ್ಕೂ ನಡುವೆ ಕಾರಿನ 21 ವಾಟ್‌ನ ಬ್ರೇಕ್ ದೀಪದ ಬಲ್ಬ್ ಹಿಡಿಯಿರಿ. ಉರಿಯದಿದ್ದರೆ ಮುಖ್ಯ ಸ್ವಿಚ್ ಆನ್ ಮಾಡಿ, ಆಮೇಲೆ ಒಂದೊಂದೇ ಬ್ರೇಕರ್. ಬಲ್ಬ್ ಪೂರ್ತಿ ಪ್ರಕಾಶಕ್ಕೆ ಬಂದ ಕಡೆ ಶಾರ್ಟ್ ಇದೆ, ಇಲ್ಲವೇ ದೊಡ್ಡ ಲೋಡ್ ಇದೆ. ಎಷ್ಟೇ ಶಾರ್ಟ್ ಇದ್ದರೂ ಬಲ್ಬ್ ಎರಡು ಆಂಪಿಯರ್‌ಗಿಂತ ಹೆಚ್ಚು ಬಿಡದ ಕಾರಣ ಏನೂ ಸುಡುವುದಿಲ್ಲ. ಇನ್ವರ್ಟರ್ ಇದ್ದರೆ ಅದರ ಕೆಪಾಸಿಟರ್ ತುಂಬುವವರೆಗೆ ಬಲ್ಬ್ ಒಮ್ಮೆ ಬೆಳಗಿ ಆರುತ್ತದೆ, ಗಾಬರಿ ಬೇಡ.

ಎಲ್ಲ ಸರಿಯಿದ್ದರೆ ಬಲ್ಬ್ ತೆಗೆದು ಕೇಬಲ್ ಬಿಗಿಯಿರಿ. ಫ್ರಿಜ್, ದೀಪ, ಉಪಕರಣ, ಇನ್ವರ್ಟರ್ ಎಲ್ಲ ಹಚ್ಚಿ ಅರ್ಧ ಗಂಟೆ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಒಂದೊಂದು ಲಗ್, ಫ್ಯೂಸ್, ಬಸ್‌ಬಾರ್ ಬೋಲ್ಟ್ ನೋಡುತ್ತಾ ಹೋಗಿ. ಹೊಳೆಯುವ ಲೋಹ ಸುಳ್ಳು ಅಂಕಿ ಕೊಡುತ್ತದೆ, ಮೇಲೆ ಕಪ್ಪು ಟೇಪಿನ ಚೂರು ಅಂಟಿಸಿ ಅಳೆಯಿರಿ. ಅಕ್ಕಪಕ್ಕದವಕ್ಕಿಂತ ಹತ್ತು ಡಿಗ್ರಿ ಹೆಚ್ಚು ಬಿಸಿ ಇರುವುದನ್ನು ಬಿಚ್ಚಿ ಮತ್ತೆ ಮಾಡಿ. ಮೊದಲ ಪ್ರಯಾಣ ಮುಗಿಸಿ ಬಂದ ಮೇಲೆ ಬ್ಯಾಟರಿಯ ನಟ್‌ಗಳನ್ನು ಇನ್ನೊಮ್ಮೆ ಸ್ಪ್ಯಾನರ್‌ನಲ್ಲಿ ನೋಡಿ. ಒಂದೆರಡಾದರೂ ಕಾಲು ಸುತ್ತು ಬಿಗಿಯುತ್ತವೆ.